ತೊಳೆದರೆ ಹೋಗದ ಕೊಳೆ

ಇವುಜಿವಿಕ್,
ಜುಲೈ 9, 1999

ಪ್ರೀತಿಯ ಅವ್ವಾ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ರಕ್ತದೊತ್ತಡ ನೋಡುವ ಪಟ್ಟಿಯನ್ನು ದಿನಕ್ಕೆ ನಾಲ್ಕು ಸಲ ಕಟ್ಟುತ್ತಾರೆಂದು ನಿನ್ನ ಗಂಡ ಜಾಕುಸಿ ಹೇಳಿದ. ಕಟ್ಟಲಿ ಬಿಡು, ತೋಳೇನೂ ಸವೆಯುವುದಿಲ್ಲ. ಮಾಂಟ್ರಿಯಲ್ ಆಸ್ಪತ್ರೆಯ ಮೀನಿಗೆ ತಲೆಯೂ ಇಲ್ಲ, ರುಚಿಯೂ ಇಲ್ಲ ಎಂದು ಅವನ ಹತ್ತಿರ ದೂರಿದೆಯಂತೆ. ತಲೆಯಿಲ್ಲದ್ದಾದರೂ ಸರಿ, ತಿನ್ನು. ಮಗು ಒದೆಯುತ್ತಿದೆಯೇ? ನನ್ನ ಹಿಂದಿನ ಪತ್ರವನ್ನು ಪಕ್ಕದ ಹಾಸಿಗೆಯವಳಿಗೆ ಓದಿ ಹೇಳಿದೆಯಂತೆ, ಎಪ್ಪತ್ತರ ಮುದುಕಿ ಇಪ್ಪತ್ತಮೂರರ ಹುಡುಗಿಯನ್ನು ಅವ್ವಾ ಎನ್ನುವುದೇಕೆಂದು ಅವಳು ನಕ್ಕಳಂತೆ. ಅದರಲ್ಲಿ ನಗುವಂಥದ್ದೇನಿದೆ? ನನ್ನ ಅವ್ವ ತೀರಿಕೊಂಡ ವರ್ಷ ನೀನು ಹುಟ್ಟಿದೆ, ಸಿಯಾಸಿ ಎಂಬ ಅವಳ ಹೆಸರನ್ನೇ ನಿನಗಿಟ್ಟೆವು. ಅಂದಮೇಲೆ ಮೊಮ್ಮಗಳಾದರೂ ನೀನು ನನಗೆ ಅವ್ವನೇ. ಮೂರು ವರ್ಷದವಳಿದ್ದಾಗಲೇ "ಮಗಳೇ, ಮೂಗು ಒರೆಸ್ಕೋ" ಎಂದು ನನ್ನನ್ನು ಗದರಿಸುತ್ತಿದ್ದೆ. ನೀನು ಕೇಳಿದ್ದನ್ನು ಈ ಮನೆಯಲ್ಲಿ ಯಾರೂ ಇಲ್ಲವೆಂದದ್ದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮಂಡಿ ಮಾತ್ರ ಎಂದಿನಂತೆ, ಮಂಜು ಬೀಳುವ ಹಿಂದಿನ ದಿನವೇ ಸುದ್ದಿ ಕೊಡುತ್ತದೆ. ಅಕ್ಪ ಹಕ್ಕಿಗಳು ಬಂದು ಬಂಡೆಗೋಡೆಯ ಮೇಲೆ ಕೂತು ಗಲಾಟೆ ಎಬ್ಬಿಸಿವೆ. ಕಳೆದ ವಾರ ಫೋನಿನಲ್ಲಿ ನೀನು ನನ್ನ ಕ್ಷೇಮ ಕೇಳುವುದಕ್ಕೂ ಮೊದಲು "ಮಗಳೇ, ಅಕ್ಪ ಮೊಟ್ಟೆ ಕಳಿಸು, ಕನಸಲ್ಲೂ ಅದೇ ಬರುತ್ತೆ" ಎಂದೆಯಲ್ಲ, ಅದನ್ನು ಕೇಳಿ ನನಗೆ ಸಂತೋಷವೇ ಆಯಿತು. ನಿನ್ನ ತಾಯಿಯನ್ನು ಹೊತ್ತಾಗ ನನಗೂ ಅದೇ ಬಯಕೆ. ಒಂದೇ ಸಲಕ್ಕೆ ಏಳು ತಿಂದಿದ್ದೆ. ಬೇಯಿಸಿದ ಮೇಲೂ ನೀಲಿಯಾಗಿ ಅಲುಗುವ ಆ ಬಿಳಿಭಾಗ, ಹಳದಿ ಹೋಗಿ ಕೆಂಪೇ ಆಗಿರುವ ನಡುಭಾಗ, ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಬಸುರಿಯ ಬಯಕೆ ತೀರಿಸದೆ ಬಿಟ್ಟವರನ್ನು ನನ್ನ ಕಾಲದಲ್ಲಿ ಊರೇ ಆಡಿಕೊಳ್ಳುತ್ತಿತ್ತು.

ಮೊಟ್ಟೆ ಪರೀಕ್ಷೆಯ ಕ್ಲೋಡೆಟ್ ಈ ವರ್ಷವೂ ಬಂದಿದ್ದಾಳೆ. ನಿನ್ನ ಗಂಡನೇ ಅವಳಿಗಾಗಿ ಹಗ್ಗ ಕಟ್ಟಿಕೊಂಡು ಬಂಡೆಗೋಡೆಗೆ ಇಳಿದ. ಹೆದರಬೇಡ, ಹಗ್ಗ ಹೊಸದು, ಮೇಲೆ ಹಿಡಿದವರು ಮೂವರು. ಅವಳು ಒಂದೊಂದು ಮೊಟ್ಟೆಯನ್ನೂ ಬೆಳ್ಳಿ ಕಾಗದದಲ್ಲಿ ಸುತ್ತಿ ಪೆನ್ಸಿಲಿನಲ್ಲೇ ನಂಬರು ಬರೆಯುತ್ತಾಳೆ, ಶಾಯಿಯಾದರೆ ಸಿಪ್ಪೆ ದಾಟಿ ಒಳಗಿಳಿಯುತ್ತದಂತೆ. ನನ್ನ ಕೈಗೂ ರಬ್ಬರಿನ ಗವಸು ತೊಡಿಸಿದಳು. ಅರವತ್ತು ವರ್ಷ ಮೊಟ್ಟೆ ಎತ್ತಿದ ಕೈ, ಈಗ ಮೈಲಿಗೆಯಾಯಿತು ನೋಡು. ಆದರೂ ಅವಳು ಒಳ್ಳೆಯವಳು, ಚಹಾ ಕುಡಿದ ಲೋಟವನ್ನು ತಾನೇ ತೊಳೆದಿಡುತ್ತಾಳೆ.

ತೊಳೆಯುವ ಮಾತು ಬಂತು, ಅದನ್ನೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ರೇಡಿಯೋದಲ್ಲಿ ಅವಳ ಮಾತನ್ನು ನಮ್ಮ ಭಾಷೆಗೆ ತಂದು ಹೇಳಿದವಳು ನೀನೇ ತಾನೆ? ಮೊಟ್ಟೆಯಲ್ಲಿ ಅವಳಿಗೆ ಸಿಕ್ಕಿದ್ದಕ್ಕೆ ನಮ್ಮಲ್ಲಿ ಪದವಿಲ್ಲ. ವಿಷ ಎಂದರೆ ಊರು ಬೆಚ್ಚಿಬೀಳುತ್ತದೆಂದು ನೀನು ಕೊಳೆ ಎಂದೆ. ಊರಿನ ಹೆಂಗಸರೆಲ್ಲ ಮೊಟ್ಟೆ ತೊಳೆಯಲು ಕೂತೆವು. ಅಂಗಡಿಯಲ್ಲಿ ಪಾತ್ರೆ ಸೋಪು ಖಾಲಿಯಾಯಿತು, ಮೊಟ್ಟೆಗಳು ನಿಂಬೆ ವಾಸನೆ ಹೊಡೆದವು. ಈ ಸಲದ ಸಭೆಯಲ್ಲಿ ನಿನ್ನ ಜಾಗದಲ್ಲಿ ಟಾಮುಸಿ ಕೂತಿದ್ದ. ಅವನ ಬಾಯಿ ನಿನಗೆ ಗೊತ್ತಲ್ಲ, ಅರ್ಧ ಅವಳ ಮಾತು, ಅರ್ಧ ಅವನದೇ ಒಗ್ಗರಣೆ. "ಅಜ್ಜಿಯಂದಿರಾ, ಉಜ್ಜೋದು ನಿಲ್ಸಿ. ಇದು ಸಿಪ್ಪೆ ಮೇಲಿಲ್ಲ. ತಾಯಿ ಹಕ್ಕಿ ಮೈಯಲ್ಲಿರುತ್ತೆ, ಮೊಟ್ಟೆ ಕಟ್ಟುವಾಗ ಅದರೊಳಕ್ಕೆ ಇಳಿದುಬಿಡುತ್ತೆ" ಎಂದ. ಎಲ್ಲರೂ ನಕ್ಕರು, ಆಮೇಲೆ ನಗು ತಾನಾಗಿಯೇ ನಿಂತಿತು. ಕಳೆದ ವರ್ಷ ಸೋಪು ಹಚ್ಚಿ ತಿಕ್ಕಿ ತಿಕ್ಕಿ ನಿನ್ನ ತಟ್ಟೆಗೆ ಆರು ಬಡಿಸಿದ್ದು ನಾನೇ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಇಲ್ಲದ ಪದವನ್ನು ನೀನಾದರೂ ಎಲ್ಲಿಂದ ತರುತ್ತಿದ್ದೆ?

ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಎಲ್ಲೋ ದೂರದಲ್ಲಿ ಕಲ್ಲಿದ್ದಲು ಸುಟ್ಟದ್ದು, ಹೊಲಕ್ಕೆ ಹೊಡೆದ ಮದ್ದು, ಕಾರ್ಖಾನೆಯ ಎಣ್ಣೆ, ಎಲ್ಲ ಗಾಳಿಯಲ್ಲಿ, ನೀರಿನಲ್ಲಿ ಇಲ್ಲಿಗೆ ಬಂದು ಮೀನಿಗೆ, ಮೀನಿನಿಂದ ಹಕ್ಕಿಗೆ ಸೇರುತ್ತದಂತೆ. ಹಳೆಯ ಮದ್ದುಗಳು ಕಡಿಮೆಯಾಗುತ್ತಿವೆ, ಪಾದರಸ ಹೆಚ್ಚುತ್ತಿದೆ ಎಂದಳು. ನಾನು ಎದ್ದು ನಿಂತು "ಯಾರ ಮನೆ ಕಸಾನ ನಮ್ಮ ಹಕ್ಕಿ ಹೊತ್ಕೊಂಡು ಬರ್ತಿದೆ?" ಎಂದು ಕೇಳಿದೆ. ತನ್ನ ಮನೆಯದೂ ಅದರಲ್ಲಿದೆ ಎಂದಳು. ಅಷ್ಟು ಹೇಳಿದ ಮೇಲೆ ಜಗಳವಾಡುವುದು ಹೇಗೆ? ಹಾಗಾದರೆ ತಿನ್ನುವುದು ಬಿಡಬೇಕೇ ಎಂದು ಯಾರೋ ಕೇಳಿದ್ದಕ್ಕೆ ಬಿಡಬೇಕಿಲ್ಲ, ಬಸುರಿಯರು ಮಾತ್ರ ಕಡಿಮೆ ಮಾಡಲಿ ಎಂದಳು. ಎಷ್ಟು ಕಡಿಮೆ, ಒಂದೋ, ಎರಡೋ, ಪೂರಾ ಬಿಡುವುದೋ ಎಂದರೆ ಅದನ್ನಿನ್ನೂ ಗೊತ್ತು ಮಾಡಿಲ್ಲವಂತೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತಾಯಿತು.

ಇನ್ನು ನಿನ್ನ ಮೊಟ್ಟೆಯ ವಿಷಯ. ಏನು ಮಾಡಲಿ ಅವ್ವಾ, ಈ ವರ್ಷ ಆಗಲಿಲ್ಲ. ಮೊದಲ ದಿನ ಕ್ಲೋಡೆಟ್‌ಗೆ ಬೇಕಾದಷ್ಟೇ ಸಿಕ್ಕಿತು. ಮಾರನೆಯ ದಿನ ಗಾಳಿ ತಿರುಗಿ ಮಂಜುಗಡ್ಡೆ ಬಂದು ಬಂಡೆಯ ಬುಡಕ್ಕೆ ತುಂಬಿಕೊಂಡಿತು, ದೋಣಿ ಹೋಗಲಿಲ್ಲ. ಅದರ ಬದಲು ನಾನೇ ಒಣಗಿಸಿದ ಕೆಂಪು ಮೀನು ಕಳಿಸುತ್ತಿದ್ದೇನೆ. ಇದರಲ್ಲಿ ಕೊಳೆ ತೀರ ಕಡಿಮೆ ಎಂದು ಕ್ಲೋಡೆಟ್ ಹೇಳಿದ್ದಾಳೆ. ಇದಕ್ಕೆ ತಲೆಯಿಲ್ಲದಿದ್ದರೂ ರುಚಿಯಿದೆ. ಜೊತೆಗೆ ಮಗುವಿಗೆ ಒಂದು ಜೊತೆ ಕಾಲುಚೀಲ. ಬಲಗಾಲಿನದು ಸ್ವಲ್ಪ ದೊಡ್ಡದಾಗಿದೆ, ಕಣ್ಣು ಮೊದಲಿನಂತಿಲ್ಲ. ಜಾಕುಸಿ ಎರಡು ದಿನದಿಂದ ನಿನಗೆ ಫೋನು ಮಾಡಿಲ್ಲವೆಂದು ಮುನಿಸಿಕೊಳ್ಳಬೇಡ, ದೋಣಿಯ ಎಂಜಿನು ಬಿಚ್ಚಿಕೊಂಡು ಕೂತಿದ್ದಾನೆ.

ಹೆರಿಗೆ ಸುಸೂತ್ರವಾಗಲಿ. ನೋವು ಬಂದಾಗ ಹಲ್ಲು ಕಚ್ಚಬೇಡ, ಬಾಯಿ ತೆರೆದು ಕೂಗು, ಆ ಊರಿನವರು ಏನಾದರೂ ಅಂದುಕೊಳ್ಳಲಿ. ಪಕ್ಕದ ಹಾಸಿಗೆಯವಳಿಗೂ ಎರಡು ಹೋಳು ಮೀನು ಕೊಡು. ನಿನ್ನನ್ನೂ ಮಗುವನ್ನೂ ಒಟ್ಟಿಗೆ ಮಡಿಲಿಗೆಳೆದುಕೊಳ್ಳಲು ಕಾದಿದ್ದೇನೆ.

ನಿನ್ನ ಮಗಳೂ ಅಜ್ಜಿಯೂ ಆದ,
ಅಲಾಸಿ

ಮತ್ತೊಂದು ಮಾತು: ಟಪಾಲು ಒಯ್ಯುವ ವಿಮಾನ ಇಳಿಯಿತು, ಜಾಕುಸಿ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಮಂಜುಗಡ್ಡೆ ಬಂದದ್ದು ಸುಳ್ಳು. ಸಮುದ್ರ ತೆರೆದೇ ಇದೆ, ಅವನು ಎರಡು ಬಕೆಟ್ ತುಂಬ ಮೊಟ್ಟೆ ತಂದ. ಹನ್ನೆರಡನ್ನು ಓಟ್ಸಿನಲ್ಲಿ ಹುದುಗಿಸಿ, ಡಬ್ಬಿಗೆ ಹಗ್ಗ ಬಿಗಿದು, ಮೇಲೆ ನಿನ್ನ ಹೆಸರನ್ನೂ ಬರೆದಿದ್ದೆ. ಆದರೆ ಮನಸ್ಸು ಒಪ್ಪಲಿಲ್ಲ, ಟಾಮುಸಿಯನ್ನು ಕರೆದುಕೊಂಡು ಕ್ಲೋಡೆಟ್ ಬಳಿ ಹೋದೆ. ಪರೀಕ್ಷೆಯ ಮಾತು ಬೇಡ, ಬಸುರಿಯಾಗಿರುವುದು ನಿನ್ನ ಮಗಳಾಗಿದ್ದರೆ ಇದನ್ನು ಕಳಿಸುತ್ತಿದ್ದೆಯಾ ಎಂದು ಕೇಳಿದೆ. ಅವಳು ಬಹಳ ಹೊತ್ತು ಪೆನ್ಸಿಲು ತಿರುಗಿಸುತ್ತಾ ಕೂತಳು. ಆಮೇಲೆ "ಕಳಿಸ್ತಿರ್ಲಿಲ್ಲ" ಎಂದಳು. ಮನೆಗೆ ಬಂದು ಹಗ್ಗ ಬಿಚ್ಚಿದೆ. ಹನ್ನೆರಡನ್ನೂ ನಾನೂ ಜಾಕುಸಿಯೂ ತಿಂದೆವು, ನಾನೇನು ಇನ್ನು ಹೆರಬೇಕೇ? ರುಚಿ ಹತ್ತಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಅವ್ವ ಕೇಳಿದ್ದನ್ನು ನಾನು ಇಲ್ಲವೆಂದದ್ದು ಇದೇ ಮೊದಲು. ನೆಟ್ಟಗೆ ಹೇಳಲು ಬಾಯಿ ಬರಲಿಲ್ಲ, ಸಮುದ್ರದ ಮೇಲೆ ಹಾಕಿದೆ. ಬೈಯಬೇಕೆನಿಸಿದರೆ ನನ್ನನ್ನು ಬೈ, ಜಾಕುಸಿಯನ್ನಲ್ಲ. ಕ್ಲೋಡೆಟ್‌ಳನ್ನು ಇನ್ನೂ ಒಂದು ಮಾತು ಕೇಳಿದೆ. ತಾಯಿಯ ಮೈಯಿಂದ ಇಳಿಯುವುದು ನಿಜವಾದರೆ, ಹುಟ್ಟಿದ ಮೇಲೆ ಮಗುವಿಗೆ ಎದೆಹಾಲು ಕೊಡಬಹುದೇ ಎಂದು. ಇದಕ್ಕೆ ಮಾತ್ರ ಟಾಮುಸಿ ಹೇಳಿ ಮುಗಿಸುವ ಮೊದಲೇ ಅವಳು ಹೂಂ ಎಂದು ತಲೆಯಾಡಿಸಿದಳು. ಕುಡಿಸು, ಅವ್ವಾ.