ಅಯ್ಯುಬ ಚಾಚಾನ ಟವೆಲ್ಲು

ಅಪ್ಪಾ,

ಬದುಕಿಡೀ ಚೀಲ ಹೊತ್ತ ನಿನ್ನನ್ನು, ನೀನು ಸತ್ತ ಮೇಲೆ ಯೂನಿವರ್ಸಿಟಿಯಲ್ಲಿ ನಾನು ತೊಗರಿ ಸೇಠ ಮಾಡಿದ್ದೆ. ಜೊತೆಗೆ ಓದುವ ಎಲೀನಾ ನನ್ನನ್ನು ಒಪ್ಪಬೇಕಲ್ಲ! ಇವತ್ತು ಅವಳು "ನಿಮ್ಮ ಅಂಗಡಿ ತೋರಸು" ಎಂದು ಗಾಂಧಿ ಗಂಜ್ ಮಾರ್ಕೆಟ್ಟಿಗೇ ಎಳೆದು ತಂದಳು. ನಾನು ಯಾರದೋ ಬೋರ್ಡಿನತ್ತ ಕೈ ತೋರಿಸುವಷ್ಟರಲ್ಲಿ, ನಿನ್ನ ಜೋಡಿ ಹಮಾಲಿ ಮಾಡುತ್ತಿದ್ದ ಅಯ್ಯುಬ ಚಾಚಾ ಚೀಲ ಇಳಿಸಿ ಬಂದು ನನ್ನ ಹೆಗಲು ಹಿಡಿದರು.

"ನಮ್ಮ ಜೋಸೆಫನ ಮಗಾ ಅಲ್ಲೇನೊ?"

"ಯಾರ್ರಿ ನೀವು?" ಎಂದೆ.

ಚಾಚಾ ಎಲೀನಾಳನ್ನು ನೋಡಿದರು.

"ಗಲತಿ ಆತ್ರಿ ಸಾಹೇಬ್ರ," ಎಂದು ನನ್ನ ಅಂಗಿಗೆ ಹತ್ತಿದ ಧೂಳನ್ನು ತಮ್ಮ ಟವೆಲ್ಲಿನಿಂದ ಒರೆಸಿದರು.

"ಜೋಸೆಫ ಯಾರು?" ಎಂದಳು ಎಲೀನಾ.

"ಯಾರೋ ಹಮಾಲ ಇರಬೇಕು," ಎಂದೆ.

ಅಪ್ಪಾ, ನಿನ್ನ ಪೆಟ್ಟಿಗೆಯನ್ನು ಸಮಾಧಿಗೆ ಒಯ್ಯುವಾಗ, ಹೊತ್ತು ರೂಢಿಯಿಲ್ಲದ ನನ್ನ ಹೆಗಲು ನೋಯದಿರಲೆಂದು ಅವರು ಮಡಚಿ ಇಟ್ಟದ್ದು ಅದೇ ಟವೆಲ್ಲು.