ಡೋಲಿನವನ ಮಗಳು ಬ್ಯಾಂಡ್ ಸೇರಿದ್ದು

ಅಪ್ಪಾ,

ನೀನಿದ್ದಿದ್ದರೆ ಮೊದಲು ಊಟ ಆಯ್ತಾ ಮಗಳೇ ಅಂತ ಕೇಳುತ್ತಿದ್ದೆ, ಆಮೇಲೆ ಓದು ಹೇಗೆ ನಡೀತಿದೆ ಅಂತ. ಊಟ ಆಯಿತು. ಓದಿನ ವಿಷಯಕ್ಕೇ ಬರುತ್ತಿದ್ದೇನೆ.

ಮೈಸೂರಿನ ಛತ್ರಗಳಲ್ಲಿ ನೀನು ನಾಗಸ್ವರದವರ ಪಕ್ಕ ಕೂತು ಡೋಲು ಬಾರಿಸುವಾಗ ನಾನು ನಿನ್ನ ಬೆನ್ನ ಹಿಂದೆ ಹೋಮ್‌ವರ್ಕ್ ಮಾಡುತ್ತಿದ್ದೆ. ಡೋಲು ಮುಟ್ಟಲು ಹೋದರೆ, "ಇದು ನನ್ ಕಾಲಕ್ಕೇ ಮುಗೀಲಿ ಮಗಳೇ, ನೀನು ಓದ್ಕೋ" ಅನ್ನುತ್ತಿದ್ದೆ. ನಾನು ಪುಸ್ತಕದ ರಟ್ಟಿನ ಮೇಲೆ ಬೆರಳಲ್ಲೇ ಬಾರಿಸುತ್ತಿದ್ದೆ. ನಿನಗದು ಕೇಳಿಸುತ್ತಿತ್ತೋ ಇಲ್ಲವೋ.

ನೀನು ತೀರಿಕೊಂಡ ವಾರ ನನಗಿಲ್ಲಿ ಟೊರೊಂಟೊದಲ್ಲಿ ಫೈನಲ್ಸ್ ನಡೆಯುತ್ತಿತ್ತು. ಕೊನೆಯ ಸಲ ನೋಡು ಅಂತ ಅಮ್ಮ ಮಾಡಿದ ವೀಡಿಯೊ ಕಾಲಿನಲ್ಲಿ ನೆಟ್ ಹೋಗಿ ನಿನ್ನ ಮುಖ ಅರ್ಧಕ್ಕೇ ನಿಂತುಹೋಯಿತು. ಮಾರನೆಯ ದಿನ ಹೋಗಿ ಪರೀಕ್ಷೆ ಬರೆದೆ. ಅಳು ಬರಲೇ ಇಲ್ಲ. ಅಪ್ಪ ಸತ್ತರೂ ಅಳದ ಮಗಳು ಎಂಥವಳು ಅಂತ ನನ್ನ ಮೇಲೆ ನನಗೇ ಸಿಟ್ಟು. ಸೆಪ್ಟೆಂಬರಿನಲ್ಲಿ ಕಾಲೇಜಿನ ಮಾರ್ಚಿಂಗ್ ಬ್ಯಾಂಡಿನವರು ಅಂಗಳದಲ್ಲಿ ನಿಂತು ಹೊಸಬರನ್ನು ಕರೆಯುತ್ತಿದ್ದರು. ದೊಡ್ಡದೊಂದು ಡ್ರಮ್ಮನ್ನು ನನ್ನ ಎದೆಗೆ ಕಟ್ಟಿದರು. ಒಂದು ಪೆಟ್ಟು ಹಾಕಿದೆ, ನೀನು ಪಕ್ಕದಲ್ಲೇ ಕೂತಿದ್ದೀಯ ಅನ್ನಿಸಿತು. ಅವತ್ತೇ ಸೇರಿಬಿಟ್ಟೆ.

ಮೊದಲ ಪ್ರ್ಯಾಕ್ಟೀಸಿನ ಕಥೆ ಕೇಳಿದರೆ ನೀನು ಹೊಟ್ಟೆ ಹಿಡಿದು ನಗುತ್ತೀಯ. ಮುಂದೆ ನಿಂತು ಬ್ಯಾಂಡ್ ನಡೆಸುವ ಮಾಯಾ ಕೈ ಮೇಲೆತ್ತಿ ಬೆರಳು ಆಡಿಸಿದಳು. ಎಲ್ಲರೂ ನಿಲ್ಲಿಸಿದರು. ನಾನೊಬ್ಬಳು ಕೈಲಾದಷ್ಟು ಜೋರಾಗಿ ಬಡಿಯುತ್ತಲೇ ಇದ್ದೆ. ಪುರೋಹಿತರು ಬೆರಳು ಆಡಿಸಿದರೆ ಗಟ್ಟಿಮೇಳ ಅಲ್ಲವಾ ಅಪ್ಪ? ನನ್ನ ಕೈಗೆ ಬೇರೆ ಅರ್ಥವೇ ಗೊತ್ತಿರಲಿಲ್ಲ.

ಆದರೆ ಎಂಜಿನಿಯರಿಂಗ್ ಎರಡನೇ ವರ್ಷ ಅಂದರೆ ತಮಾಷೆಯಲ್ಲ. ಲ್ಯಾಬ್ ಮುಗಿಸಿ ಪ್ರ್ಯಾಕ್ಟೀಸು, ಅಲ್ಲಿಂದ ಬಸ್ಸು ಬದಲಿಸಿ ವುಡ್‌ಬ್ರಿಡ್ಜಿನ ಚಿಕ್ಕಮ್ಮನ ಮನೆ. ಬಸ್ಸಿನಲ್ಲಿ ಪುಸ್ತಕ ತೆಗೆದರೆ ನಿದ್ದೆ. ಸರ್ಕ್ಯೂಟ್ಸ್ ಮಿಡ್‌ಟರ್ಮಿನಲ್ಲಿ ಫೇಲಾದೆ. ಚಿಕ್ಕಮ್ಮ ಸಾರಿಗೆ ಒಗ್ಗರಣೆ ಹಾಕುತ್ತಲೇ ಅಂದಳು: "ಹಾಬಿ ಎಲ್ಲಾ ಓಕೆ ಕಣೇ. ಆದ್ರೆ ನೀನು ಸ್ಟಡಿ ಪರ್ಮಿಟ್ ಮೇಲೆ ಬಂದಿರೋಳು. ಕೋರ್ಸ್ ಹೋದ್ರೆ ನಿಮ್ಮಮ್ಮಂಗೆ ಏನ್ ಹೇಳ್ಲಿ ನಾನು?" ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಇದು ಹಾಬಿ ಅಲ್ಲ ಚಿಕ್ಕಮ್ಮ, ನನಗೆ ಅಪ್ಪ ಸಿಗೋದು ಅಲ್ಲಿ ಮಾತ್ರ ಅಂತ ಹೇಳಬೇಕು ಅಂದುಕೊಂಡೆ. ಬಾಯಿಗೆ ಬಂದಿದ್ದು "ಸರಿ" ಅಷ್ಟೇ.

ಪ್ರೊಫೆಸರ್ ಇನ್ನೊಂದು ಅವಕಾಶ ಕೊಟ್ಟರು. ಶನಿವಾರ ಬೆಳಗ್ಗೆ ಮತ್ತೆ ಪರೀಕ್ಷೆ. ಅದೇ ಹೊತ್ತಿಗೆ ನಮ್ಮ ಬ್ಯಾಂಡಿನ ವರ್ಷದ ದೊಡ್ಡ ಮೆರವಣಿಗೆ. ದಿನ ಬದಲಿಸಿ ಅಂತ ಬೇಡಿಕೊಂಡೆ, ಆಗಲ್ಲ ಅಂದರು. ಏನು ಮಾಡಲಿ ಹೇಳು? ಪರೀಕ್ಷೆ ಬಿಟ್ಟರೆ ನೀನು ಕಳಿಸಿದ ಕೆಲಸ ಕೆಡುತ್ತದೆ, ಮೆರವಣಿಗೆ ಬಿಟ್ಟರೆ ನೀನೇ...

ಕೊನೆಗೆ ಮಾಯಾಗೆ ಹೇಳಿದೆ, ನಾನು ಪರೀಕ್ಷೆಗೆ ಹೋಗುತ್ತೇನೆ, ನನ್ನ ಬದಲಿಗೆ ಬೇರೆಯವರನ್ನು ಹಾಕಿಕೋ ಅಂತ. ನಮ್ಮ ಕಡೆ ಹಾಗೇ ತಾನೇ? ಮುಹೂರ್ತ ಕಾಯುವುದಿಲ್ಲ. ನೀನು ಹೋದ ಮೂರನೇ ದಿನವೇ ನಿನ್ನ ಜಾಗದಲ್ಲಿ ಇನ್ನೊಬ್ಬರು ಡೋಲು ಹಿಡಿದು ಕೂತರಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ಮಾಯಾ ಇಲ್ಲ ಅಂತ ತಲೆ ಆಡಿಸಿದಳು. ತಮ್ಮಲ್ಲಿ ಹಾಗಲ್ಲ, ಕೊನೇ ಗಳಿಗೆಯಲ್ಲಿ ಹೊಸಬರು ಬಂದರೆ ಕಲಿತ ಹೆಜ್ಜೆ ಎಲ್ಲರದೂ ತಪ್ಪುತ್ತದೆ, ಬರಲಾಗದವರ ಜಾಗ ಖಾಲಿ ಬಿಟ್ಟುಕೊಂಡೇ ನಡೆಯುತ್ತೇವೆ ಅಂದಳು.

ಶನಿವಾರ ಪರೀಕ್ಷೆ ಬರೆದೆ ಅಪ್ಪ. ಪಾಸಾಗುತ್ತೇನೋ ಇಲ್ಲವೋ, ನಿಜವಾಗಿ ಗೊತ್ತಿಲ್ಲ. ಹೊರಗೆ ಬಂದು ಫೋನ್ ತೆಗೆದರೆ ಮಾಯಾ ವೀಡಿಯೊ ಕಳಿಸಿದ್ದಳು. ಡ್ರಮ್ಮಿನವರ ಸಾಲು ಬರುತ್ತಿದೆ, ನಡುವೆ ಒಬ್ಬಳು ಹಿಡಿಸುವಷ್ಟು ಖಾಲಿ. ರಸ್ತೆ ತಿರುಗಿದಾಗ ಆ ಖಾಲಿಯೂ ಅವರ ಜೊತೆಗೇ ತಿರುಗಿತು. ಯಾರೂ ಅದರೊಳಗೆ ಸರಿಯಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು, ನೀನು ಹೋದಮೇಲೆ ಮೊದಲ ಸಲ, ನಿನಗಾಗಿ ಅತ್ತೆ.