ನೊಣಗಳ ಅಡುಗೆಯವನು

ಹೈದರಾಬಾದ್, ಸೋಮವಾರ

ಮಸ್ಕಿಯ ತವರಿನಲ್ಲಿರುವ ಕಸ್ತೂರೆಮ್ಮಳಿಗೆ ಆದೆಪ್ಪನ ನೆನಪುಗಳು.

ನೀನು ಫೋನ್ ಎತ್ತದ ಕಾರಣ ಕಾಗದ ಬರೆಯುತ್ತಿದ್ದೇನೆ. “ಸಿಂಧನೂರಾಗ ಖಾನಾವಳಿ ಇಟ್ಟು ಜಲ್ಮೆಲ್ಲಾ ನೊಣ ಹೊಡೆದಾಂವ, ಈಗ ನೊಣಕ್ಕ ಅಡಿಗಿ ಮಾಡಾಕ ಹೊಂಟಾನ!” ಎಂದು ಓಣಿಗೆಲ್ಲ ಕೇಳುವಂತೆ ಅಂದು ತವರಿಗೆ ಹೋದೆಯಲ್ಲ, ನೀನಂದದ್ದು ಸುಳ್ಳೇನಲ್ಲ. ಮೆಕ್ಕೆಜೋಳದ ಹಿಟ್ಟು, ಬೆಲ್ಲ, ಈಸ್ಟ್ ಹಾಕಿ ಗಂಜಿ ಕುದಿಸಿ, ಇಲ್ಲಿಯ ಪ್ರಯೋಗಾಲಯದಲ್ಲಿ ನೊಣ ಸಾಕುವ ಸೀಸೆಗಳಿಗೆ ಸುರಿಯುತ್ತೇನೆ. ಈ ಗಿರಾಕಿಗಳು ಉದ್ರಿ ಕೇಳುವುದಿಲ್ಲ, ಸಾರು ತೆಳುವಾಯಿತು ಅನ್ನುವುದೂ ಇಲ್ಲ. ಮೊದಲ ದಿನ ರೂಢಿಯಂತೆ ಅಂಗೈಗೆ ಹಾಕಿಕೊಂಡು ರುಚಿ ನೋಡಿದ್ದಕ್ಕೆ ಪ್ರಯೋಗಾಲಯವೆಲ್ಲ ನಕ್ಕಿತು.

ಇಲ್ಲಿ ನೊಣಗಳ ಮೇಲೆ ಸಂಶೋಧನೆ ಮಾಡುವ ಸುಕನ್ಯಾ ಮೇಡಂ ನಮ್ಮ ಕಡೆಯವರೇ, ಹಟ್ಟಿ ಊರಿನವರು. ಮೊನ್ನೆ ನೊಣದ ರೆಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು.

“ಈ ರೆಕ್ಕಿ ತೊಗಲಿನಾಗ ಕೋಶಗಳು ಮಗ್ಗಲಿಗೆ ಮಗ್ಗಲು ಕುಂತು ಒಂದಕ್ಕೊಂದು ಸುದ್ದಿ ಮುಟ್ಟಸ್ತಾವ್ರಿ, ಆದೆಪ್ಪನವರ. ಸುದ್ದಿ ದಾಟಸಾಕ ಕಿಣ್ವ ಅನ್ನೋದು ಬೇಕು. ಅದನ್ನ ತಗದು ನೋಡಾಕತ್ತೀವಿ.”

“ತಗದ್ರ ಏನಾಗತೈತ್ರೀ?”

“ಸುದ್ದಿ ಮುಟ್ಟದ ಕೋಶ ಸಾಲು ಬಿಟ್ಟು ಉದುರತೈತಿ.”

ಮುಂದೆ ಕೇಳದೆ ಪಾತೇಲಿ ತೊಳೆಯಲು ಹೋದೆ.

ಮೇಡಂ ಮಾಡುವ ಈ ಕೆಲಸದಿಂದ ಮುಂದೊಂದು ದಿನ ಮನುಷ್ಯರ ರೋಗಕ್ಕೂ ಔಷಧ ಸಿಗಬಹುದಂತೆ. ಇದನ್ನು ನಿಮ್ಮಣ್ಣನಿಗೂ ಹೇಳು, ನನ್ನ ಕೆಲಸಕ್ಕೆ ಅವನು ನಗುವುದು ಸ್ವಲ್ಪ ಕಡಿಮೆಯಾದೀತು.

ಬರುವ ಭಾನುವಾರ ಮಸ್ಕಿಗೆ ಬರುತ್ತೇನೆ. ಮನೆಗೆ ಬಂದು ನಿನಗೆ ಮುಜುಗರ ಮಾಡುವುದಿಲ್ಲ. ಬಸ್ ನಿಲ್ದಾಣದ ಹೊರಗಿನ ಚಹಾದಂಗಡಿಯಲ್ಲಿ ಕೂತಿರುತ್ತೇನೆ. ಮರುದಿನ ನೊಣಗಳಿಗೆ ಊಟ ಬೇಕು, ಸಂಜೆಯ ಬಸ್ಸಿಗೆ ಮರಳಲೇಬೇಕು. ನನ್ನ ಹಳೆಯ ಸ್ವೆಟರ್ ನಿನ್ನ ಟ್ರಂಕಿನಲ್ಲಿದೆ. ಕೊಟ್ಟು ಬರುತ್ತೇನೆಂದು ಮನೆಯಲ್ಲಿ ಹೇಳಿ ಬಾ.

ಇಲ್ಲಿ ಸ್ವೆಟರ್ ಹಾಕುವಷ್ಟು ಚಳಿಯಿಲ್ಲ.

ನಿನ್ನ ದಾರಿ ನೋಡುವ,
ಆದೆಪ್ಪ